ಕತ್ತಾಳೆ ಬದು

ಹುಲ್ಲು ಬೆಳೆದು ಅದನ್ನು ದನಕ್ಕೆ ಹಾಕದೆ ಮಾರುವವರಿದ್ದಾರೆ ಎಂಬುದನ್ನು ಹರವೆಯ ಸಣ್ಣತಾಯಮ್ಮ ಬಹಳ ದಿನ ನಂಬಲಿಲ್ಲ.

‘ದನಾನೂ ತಿನ್ನಂಗಿಲ್ಲ, ಮನುಸ್ರೂ ತಿನ್ನಂಗಿಲ್ಲ. ಮತ್ಯಾಕ್ಲಾ ಅದು?’ ಎಂದು ಮಗನನ್ನು ಕೇಳಿದಳು.

‘ನೋಡಕ ಕಣವ್ವ.’

‘ನೋಡಕ ಮೊದ್ಲು ಹೊಟ್ಟ ತುಂಬಿರ್ಬೇಕು ಬುಡು.’

ಮಗ ಶಿವಸ್ವಾಮಿ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಚಾಮರಾಜನಗರದ ರಾಜಶೇಖರ್ ಅವರ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದ. ಹೆಸರಿಗೆ ಸೂಪರ್‌ವೈಸರ್. ಗಿಡಕ್ಕೆ ನೀರು ಬಿಡುವುದು, ಗೊಬ್ಬರ ಇಳಿಸುವುದು, ಗಿರಾಕಿಗಳ ಮನೆ ಮುಂದೆ ಗುಂಡಿ ತೋಡಿಸುವುದು ಎಲ್ಲ ಅವನದೇ. ರಾಜಶೇಖರ್ ಕೃಷಿ ಓದಿದವರು. ಊರಿನ ಯಜಮಾನಿಕೆ ಅಣ್ಣಂದಿರಿಗೆ ಬಿಟ್ಟು, ಕೊಳ್ಳೇಗಾಲ ರಸ್ತೆಯಲ್ಲಿ ಜಾಗ ಹಿಡಿದು, ಜನರಿಗೆ ತೋಟ ಮಾಡಿಕೊಡುವ ಉದ್ಯೋಗ ಶುರು ಮಾಡಿದ್ದರು. ಒಂದು ಫೋನು, ಒಂದು ಹಳೆಯ ಮೆಟಡೋರ್, ಬೆರಳೆಣಿಕೆಯ ಆಳುಗಳು. ಅದನ್ನು ಅವರು ‘ಕಂಪನಿ’ ಎನ್ನುತ್ತಿದ್ದರು. ಆಳುಗಳು ‘ಸಸಿಮಡಿ’ ಎನ್ನುತ್ತಿದ್ದರು.

ಬುಧವಾರ ಬಂತೆಂದರೆ ಶಿವಸ್ವಾಮಿ ಕಾಲರಿರುವ ಅಂಗಿ ಹಾಕುತ್ತಿದ್ದ. ಅವತ್ತು ಮೆಟಡೋರ್ ಗುಂಡ್ಲುಪೇಟೆ ದಾಟಿ ಪುಟ್ಟಮಲ್ಲಪ್ಪನವರ ಜಮೀನಿಗೆ ಹೋಗುತ್ತಿತ್ತು, ಹುಲ್ಲು ತರಲು. ಪುಟ್ಟಮಲ್ಲಪ್ಪ ಕೇರಳದ ಹೆದ್ದಾರಿ ಬದಿಯ ತಮ್ಮ ನೀರಾವರಿ ಜಮೀನಿನಲ್ಲಿ ಈರುಳ್ಳಿ ಬಿಟ್ಟು ಹಾಸುಹುಲ್ಲು ಹಾಕಿದ್ದರು. ಹಿಂದಿನ ದಿನ ನೀರು ಕಟ್ಟಿ ನೆನೆಸಿ, ಬೆಳಿಗ್ಗೆ ಬೇರು ಮಣ್ಣು ಸಮೇತ ಚೌಕ ಚೌಕ ಕೊಯ್ದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಗಾಡಿಗೆ ಏರಿಸಬೇಕು. ಬಿಸಿಲೇರಿದರೆ ಹುಲ್ಲು ಹಳದಿಗೆ ತಿರುಗುತ್ತದೆ. ಆ ಕೆಲಸಕ್ಕೆ ಹನೂರು ಆಚೆಯಿಂದ ಬಂದ ನಾಲ್ಕು ಸಂಸಾರ ಅಲ್ಲೇ ಕೊಟ್ಟಿಗೆ ಪಕ್ಕದ ಶೀಟು ಮನೆಯಲ್ಲಿ ಇದ್ದವು. ಅವರಲ್ಲಿ ಚಿಕ್ಕನಿಂಗಮ್ಮ ಹಿರಿಯಳು. ಅವಳ ಮಗಳು ಕುಮಾರಿ.

ಅಂಗಿಗೆ ಕಾಲರ್ ಬಂದದ್ದು ಕುಮಾರಿಯಿಂದ. ಅವಳು ನೋಡಲು ಅಂಥ ಚೆಲುವೆಯೇನಲ್ಲ. ಎತ್ತರ, ಬಡಕಲು, ಮುಂದಿನ ಹಲ್ಲೊಂದು ಸೊಟ್ಟ. ಆದರೆ ಹುಲ್ಲಿನ ಚೌಕವನ್ನು ಸಲಿಕೆಯಿಂದ ಎಬ್ಬಿಸಿ ಎರಡೂ ಅಂಗೈ ಮೇಲೆ ಹೊತ್ತು ತರುವಾಗ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ತರುತ್ತಿದ್ದಳು. ಅದನ್ನು ನೋಡಿದ ಮೇಲೆ ಶಿವಸ್ವಾಮಿಗೆ ವಾರದ ಉಳಿದ ದಿನಗಳು ಉದ್ದವಾದವು.

‘ಸಾಮಣ್ಣ, ಈ ವಾರ ಕೊನ್ನಾರಿ ಜಾಸ್ತಿ ಕನ. ನಿಮ್ ಸಾಹೇಬ್ರು ಬಯ್ಯಕುಲ್ವಾ?’ ಎನ್ನುತ್ತಿದ್ದಳು. ಕೊನ್ನಾರಿ ಎಂದರೆ ಹುಲ್ಲಿನ ನಡುವೆ ಹುಟ್ಟುವ ಗೆಡ್ಡೆ ಕಳೆ.

‘ನಾನ್ ಹೇಳ್ಕತೀನಿ ಬುಡು.’

ಗಾಡಿ ಓಡಿಸುವ ನಿಂಗರಾಜು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ವಾಪಸು ಬರುವಾಗ ತೆರಕಣಾಂಬಿ ಬರುವವರೆಗೂ ಸುಮ್ಮನಿದ್ದು ಆಮೇಲೆ ಶುರು ಮಾಡುತ್ತಿದ್ದ. ‘ಅಣ್ಣ ಅಂದ್ಬುಟ್ಲು ಕಣ್ಲಾ. ಮುಗೀತು ನಿನ್ ಕತ. ಗೌರಿ ಹಬ್ಬಕ್ಕ ಬಾಗಿನ ತಗಂಡೋಗು.’

‘ಎಲ್ರನ್ನೂ ಅಣ್ಣ ಅಂತಾಳ.’

‘ನನ್ನ ಅನ್ನಕಿಲ್ವಲ್ಲ. ನನ್ನ “ಲೇ ಡೈವರ್ರು” ಅಂತಾಳ. ಅದ್ರಲ್ಲೇ ಇರದು ವಿಸ್ಯ.’

ಅದು ತೊಂಬತ್ತಾರನೇ ಇಸವಿ. ಬಂಡೀಪುರದ ದಾರಿಯಲ್ಲಿ ಬೆಂಗಳೂರಿನವರು ಒಂದು ರೆಸಾರ್ಟ್ ಕಟ್ಟುತ್ತಿದ್ದರು. ಅದರ ತೋಟದ ಕೆಲಸ ರಾಜಶೇಖರ್ ಅವರಿಗೆ ಸಿಕ್ಕಿತು. ಕಂಪನಿ ಎಂಬ ಮಾತಿಗೆ ಕೊನೆಗೂ ಅರ್ಥ ಬರುವಂಥ ಕೆಲಸ. ಆದರೆ ರೆಸಾರ್ಟಿನವರು ಒಂದು ಷರತ್ತು ಹಾಕಿದ್ದರು. ಅವರ ಪಾಲುದಾರರು ಹೊರದೇಶದವರು, ಈ ವಿಷಯದಲ್ಲಿ ಕಟ್ಟುನಿಟ್ಟು. ಗಿಡ, ಕುಂಡ, ಗೊಬ್ಬರ, ಹುಲ್ಲು ಯಾವುದರಲ್ಲೂ ಜೀತದಾಳಿನ ಕೈ ಇರಬಾರದು. ಮಾಲು ಎಲ್ಲಿಂದ ಬರುತ್ತದೋ ಅಲ್ಲಿಗೇ ಹೋಗಿ ನೋಡಬೇಕು. ನೋಡಿದವರು ಎದುರಿಗೆ ನಿಂತು ಹೇಳಬೇಕು.

‘ಶಿವಸ್ವಾಮಿ, ನೀನೇ ಹೋಗ್ ಬಾ’ ಎಂದರು ರಾಜಶೇಖರ್. ‘ನಾನ್ ಹೋದ್ರೆ ಎಲ್ರೂ ಕೈ ಕಟ್ಕಂಡ್ ನಿಂತ್ಕತಾರೆ. ಬೀಗ ಇದೆಯಾ, ಹೊಡೀತಾರಾ, ಪತ್ರ ಬರೆಸ್ಕಂಡಿದ್ದಾರಾ, ಬೇರೆ ಕಡೆ ಕೂಲಿಗೆ ಬಿಡ್ತಾರಾ. ಇಷ್ಟು ನೋಡ್ಕಂಡ್ ಬಾ.’

ಶಿವಸ್ವಾಮಿ ಹೋದ. ಕುಂಡ ಮಾಡುವ ಕುಂಬಾರರು ತಮ್ಮ ಸ್ವಂತ ಮನೆಯಲ್ಲಿ ತಾವೇ ದುಡಿಯುತ್ತಿದ್ದರು, ‘ನಮಗ ನಾವೇ ಜೀತ’ ಎಂದು ನಕ್ಕರು. ಗೊಬ್ಬರದವನು ಒಂಟಿ. ತೆಂಗಿನನಾರಿನ ಶೆಡ್ಡಿನಲ್ಲಿ ಹೆಂಗಸರು ಇವನನ್ನೇ ಕೂಲಿ ಹೆಚ್ಚಿಸು ಎಂದು ಹಿಡಿದುಕೊಂಡರು. ಉಳಿದದ್ದು ಪುಟ್ಟಮಲ್ಲಪ್ಪನವರ ಜಮೀನು.

ಪುಟ್ಟಮಲ್ಲಪ್ಪ ಇವನನ್ನು ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದರು. ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲು. ‘ನೋಡಪ್ಪ, ಎಲ್ಲಾದ್ರೂ ಬೀಗ ಹಾಕಿದ್ದೀನಾ? ಬೇಲಿ ಐತಾ? ಯಾರ್ ಬೆನ್ನಾದ್ರೂ ಬಿಚ್ಚಿ ನೋಡು. ಪತ್ರ ಗಿತ್ರ ನಮ್ಮಲ್ಲಿಲ್ಲ. ಬಾಯ್ಮಾತು. ಯುಗಾದಿಗೆ ಬಟ್ಟೆ ಕೊಡ್ತೀನಿ, ಅಕ್ಕಿ ರಾಗಿ ಅಳಿತೀನಿ. ಅವರ್ನೇ ಕೇಳು ಹೋಗು.’

ಅವನು ಚಿಕ್ಕನಿಂಗಮ್ಮನನ್ನು ಕೇಳಿದ. ಅವಳು ಕಳೆ ಕೀಳುವುದು ನಿಲ್ಲಿಸದೆ ಹೇಳಿದಳು. ‘ಯಾರೂ ನಮ್ಮನ್ನ ಕಟ್ಟಾಕಿಲ್ಲ ಸಾಮಿ. ನಾವಾಗ್ ನಾವೇ ಇದ್ದೀವಿ.’

‘ಬ್ಯಾರೆ ಕಡೆ ಕೂಲಿಗೆ ಹೋಗಬೋದಾ?’

‘ನಾವ್ಯಾಕ್ ಓಗವು?’

ಶಿವಸ್ವಾಮಿಗೆ ಈ ಉತ್ತರ ಸಾಕಾಗಿತ್ತು. ನಿಜ ಹೇಳಬೇಕೆಂದರೆ, ಸಾಕಾಗಲಿ ಎಂದೇ ಅವನು ಕೇಳಿದ್ದ. ಪುಟ್ಟಮಲ್ಲಪ್ಪನವರ ಹುಲ್ಲು ನಿಂತರೆ ಬುಧವಾರ ನಿಲ್ಲುತ್ತಿತ್ತು.

ಕೆಲಸ ಮುಗಿದ ಖುಷಿಯಲ್ಲಿ ಅವನಿಗೆ ಎಂದೂ ಇಲ್ಲದ ಧೈರ್ಯ ಬಂತು. ಗಾಡಿಗೆ ಹುಲ್ಲು ಏರಿಸಿ ಆಗಿತ್ತು. ಜಮೀನಿನ ಅಂಚಿಗೆ ಕತ್ತಾಳೆ ಬೆಳೆದ ಮಣ್ಣಿನ ಬದು. ಅದರಾಚೆ ಹೆದ್ದಾರಿ. ಹೆದ್ದಾರಿಯ ಆ ಬದಿ ಮಲಯಾಳಿ ಕಾಕನ ಚಾ ಅಂಗಡಿ. ಕಲ್ಲಿಕೋಟೆಗೆ ತರಕಾರಿ ಒಯ್ಯುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು, ಕಾಯಿಸಿದ ಹಾಲಿನ ವಾಸನೆ ಜಮೀನಿನವರೆಗೂ ಬರುತ್ತಿತ್ತು.

‘ಕುಮಾರಿ, ಬಾ. ಕಾಕನ ಅಂಗ್ಡೀಲಿ ಟೀ ಕುಡ್ಕಂಡ್ ಬರನ’ ಎಂದ. ‘ನಿಂಗ್ರಾಜೂನೂ ಬತ್ತಾನ.’ ಆ ಕೊನೆಯ ಮಾತು ಮರ್ಯಾದೆಗೆ ಸೇರಿಸಿದ್ದು.

ಅವಳು ಕೈ ತೊಳೆದುಕೊಂಡು ಬಂದಳು, ಬದುವಿನವರೆಗೂ. ಕತ್ತಾಳೆಯ ಸಂದಿನಲ್ಲಿ ಜನ ಓಡಾಡಿ ಸವೆದ ಜಾಡಿತ್ತು. ಶಿವಸ್ವಾಮಿ ಅದರಲ್ಲಿ ಹತ್ತಿ ಇಳಿದು ತಿರುಗಿ ನೋಡಿದ. ಅವಳು ಒಳಗಡೆಯೇ ನಿಂತಿದ್ದಳು.

‘ಬಾ.’

‘ಆ ಕಡಿಕ್ಕ ಬರಂಗಿಲ್ಲ ಸಾಮಣ್ಣ. ಇಲ್ಗೇ ತಂದ್ಕೊಡು.’

‘ಯಾಕ? ಅವ್ವ ಬಯ್ತಾಳ?’

‘ಅವ್ವ ಯಾಕ್ ಬಯ್ದಾಳು. ಆಣ.’

ಅವನು ಚಾ ತಂದುಕೊಟ್ಟ. ಅವಳು ಬದುವಿನ ಒಳಗೆ ಕೂತು, ಇವನು ಹೊರಗೆ ನಿಂತು ಕುಡಿದರು. ಅವಳು ಚಾ ಆರಿಸುತ್ತಾ ಆರಿಸುತ್ತಾ ಹೇಳಿದ್ದು ಇಷ್ಟು. ಅವರ ಕಡೆ ಮಳೆಯಿಲ್ಲದ ವರ್ಷ ಪುಟ್ಟಮಲ್ಲಪ್ಪ ಅರಿಸಿನ ಕೀಳಲು ಇವರನ್ನು ಕರೆತಂದರು. ಕೆಲಸ ಮುಗಿದ ಮೇಲೆ, ಇರಿ, ಊಟ ಕೊಡುತ್ತೇನೆ, ಹುಲ್ಲು ಹಾಕುತ್ತೇನೆ ಎಂದರು. ಎಲ್ಲರ ಮುಂದೆ ಒಂದು ಕರ್ಪೂರದ ಬಿಲ್ಲೆ ಇಟ್ಟರು. ನಮ್ಮ ನಿಮ್ಮ ನಡುವೆ ಕಾಗದ ಪತ್ರ ಯಾಕೆ, ಬೆಟ್ಟದ ಮಾದಪ್ಪನೇ ಸಾಕ್ಷಿ, ನಾನು ಹೋಗಿ ಅನ್ನುವ ತನಕ ಈ ಬದು ದಾಟುವುದಿಲ್ಲ ಅಂತ ಹಚ್ಚಿ ಎಂದರು. ಹಸಿದ ಹೊಟ್ಟೆ. ಹಚ್ಚಿದರು. ಎಲ್ಲರೂ ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಪುಟ್ಟಮಲ್ಲಪ್ಪ ಹೋಗಿ ಎನ್ನಲಿಲ್ಲ.

‘ನಮ್ಮಪ್ಪ ಒಂದ್ಸಲ ದಾಟ್ದ’ ಎಂದಳು ಕುಮಾರಿ. ‘ನಮ್ಮತ್ತ ಸತ್ತೋಗಿದ್ಲು, ಮಣ್ಗ ಓಗಿದ್ದ. ವಾಪಸ್ ಬಂದ್ಮ್ಯಾಕ ಜರ ಬಂತು. ಮ್ಯಾಲೇಳ್ನಿಲ್ಲ.’

ಅವಳಪ್ಪ ಸತ್ತ ವರ್ಷ ಕೆರೆ ನೀರು ಕೆಟ್ಟು ಗುಂಡ್ಲುಪೇಟೆ ಸುತ್ತ ಮನೆಗೊಬ್ಬರು ಜ್ವರದಲ್ಲಿ ಮಲಗಿದ್ದರು. ಶಿವಸ್ವಾಮಿಯೂ ಮಲಗಿದ್ದ. ಅದನ್ನು ಹೇಳಬೇಕೆಂದುಕೊಂಡ. ಅವಳ ಮುಖ ನೋಡಿ ಹೇಳಲಿಲ್ಲ.

ಇದನ್ನೂ ಕೇಳಿಸಿಕೊಂಡಿದ್ದ ನಿಂಗರಾಜು ಗಾಡಿಯಲ್ಲಿ ಅವತ್ತು ತಮಾಷೆ ಮಾಡಲಿಲ್ಲ. ‘ಬೀಗ ಹಾಕಿದ್ರ ಒಡೀಬೋದಾಗಿತ್ತು ಕಣ್ಲಾ’ ಎಂದ.

ಹೋಗಿ ರಾಜಶೇಖರ್ ಅವರಿಗೆ ಹೇಳುವುದಷ್ಟೇ ಬಾಕಿ. ಶಿವಸ್ವಾಮಿ ಹೇಳಲಿಲ್ಲ. ‘ಪುಟ್ಟಮಲ್ಲಪ್ಪನವರ ಹತ್ರ ಹೇಗಿದೆ?’ ಎಂದು ಅವರು ಕೇಳಿದಾಗ, ‘ಬೀಗ ಗೀಗ ಏನಿಲ್ಲ ಸಾರ್’ ಎಂದ. ಸುಳ್ಳಲ್ಲ.

ಮುಂದಿನ ಬುಧವಾರವೂ ಹೋದ, ಅದರ ಮುಂದಿನದೂ. ಬದುವಿನ ಆಚೀಚೆ ಚಾ ಕುಡಿಯುವುದು ಈಗ ವಾಡಿಕೆಯಾಯಿತು. ಅವಳು ಮಾತಾಡುತ್ತಿದ್ದಳು. ಅವಳ ಊರಿನ ಹಿಂದಿನ ಬೆಟ್ಟ, ಅಲ್ಲಿಯ ಬಿದಿರು, ಕಾರೆಹಣ್ಣು, ರಾತ್ರಿ ಆನೆ ಬಂದರೆ ತಮಟೆ ಬಡಿಯುವ ಮುದುಕ. ಹೇಳುವಾಗ ಅವಳ ಕಣ್ಣು ಇವನ ಮೇಲಿರುತ್ತಿರಲಿಲ್ಲ, ಮೂಡಲ ದಿಕ್ಕಿನಲ್ಲಿರುತ್ತಿತ್ತು. ಇವನ ಕಣ್ಣು ಅವಳ ಮೇಲೆಯೇ ಇರುತ್ತಿತ್ತು. ಅವಳಿಗೆ ಊರಿನ ಹಂಬಲ, ಇವನಿಗೆ ಅವಳ ಹಂಬಲ. ಎರಡೂ ಒಟ್ಟಿಗೆ ಈಡೇರುವಂಥವಲ್ಲ. ಅವಳು ಬದು ದಾಟಿದರೆ ಹನೂರಿನ ಬಸ್ಸು ಹತ್ತುತ್ತಾಳೆ, ಮತ್ತೆ ಇತ್ತ ತಲೆ ಹಾಕುವುದಿಲ್ಲ. ದಾಟದಿದ್ದರೆ ಬುಧವಾರ ಬುಧವಾರ ಇಲ್ಲೇ ಇರುತ್ತಾಳೆ. ಎಲ್ಲಿಗೂ ಹೋಗಲಾರದ ಹೆಣ್ಣು ಹುಡುಕಿದಾಗಲೆಲ್ಲ ಸಿಗುತ್ತಾಳೆ. ಇದರಲ್ಲಿ ಪುಟ್ಟಮಲ್ಲಪ್ಪನಿಗೆ ಎಷ್ಟು ಲಾಭವಿದೆಯೋ ತನಗೂ ಅಷ್ಟೇ ಇದೆ ಎಂದು ಶಿವಸ್ವಾಮಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದ.

ಒಂದು ಬುಧವಾರ ಅವಳು ಸೆರಗಿನಿಂದ ಒಂದು ಕುಲಾವಿ ತೆಗೆದಳು. ಹಳೆಯ ಸೀರೆಯ ತುಂಡು ಸೇರಿಸಿ ಕೈಯಲ್ಲೇ ಹೊಲಿದದ್ದು, ಅಂಚಿಗೆ ಕೆಂಪು ನೂಲು.

‘ನಮ್ಮಕ್ಕ ರಾಚಮ್ಮ ಇದ್ದಾಳಲ್ಲ, ಅವಳ ಮಗೀಗ. ಹನೂರ್ ಬಸ್ಸಿನ ಕಂಡಕ್ಟ್ರು ಕೈಲಿ ಕೊಟ್ಬುಡು. ಸ್ಟಾಂಡಲ್ಲಿ ಭಾವ ಕಡ್ಲಕಾಯಿ ಮಾರ್ತಾನ. ಈಸ್ಕತಾನ.’

ಶಿವಸ್ವಾಮಿ ಕುಲಾವಿ ತೆಗೆದುಕೊಂಡ. ಅದು ಅವನ ಮುಷ್ಟಿಗೆ ಸರಿಯಾಗಿತ್ತು. ‘ಮಗೀಗ ಎಷ್ಟ್ ವಯಸ್ಸು?’

‘ನಾವು ಬರಾಗ ಇನ್ನೂ ಹೆಸ್ರು ಇಟ್ಟಿರ್ನಿಲ್ಲ.’

‘ನೀವ್ ಬಂದು?’

ಅವಳು ಯುಗಾದಿಗಳನ್ನು ಬೆರಳ ಮೇಲೆ ಎಣಿಸಿದಳು. ನಾಲ್ಕನೆಯ ಬೆರಳಿಗೆ ಬಂದು ನಿಂತಳು. ಇವನ ಮುಷ್ಟಿಯಲ್ಲಿದ್ದ ಕುಲಾವಿ ನೋಡಿದಳು. ಒಂದು ಲಾರಿ ಹಾದುಹೋಯಿತು.

‘ಅದು ಈಗ ಓಡಾಡ್ತಿರ್ತದ, ಅಲ್ವಾ?’ ಎಂದಳು. ಕೈ ಚಾಚಿ ಕುಲಾವಿ ವಾಪಸು ಇಸಿದುಕೊಂಡು, ಮಡಿಸಿ, ಸೆರಗಿಗೆ ಗಂಟು ಹಾಕಿಕೊಂಡಳು. ಅಳಲಿಲ್ಲ. ಎದ್ದು ಹೋಗಿ ಕಳೆ ಕೀಳುತ್ತಾ ಕೂತಳು. ಅವತ್ತು ಚಾ ಲೋಟ ಅರ್ಧ ಹಾಗೇ ಉಳಿದಿತ್ತು.

ಶಿವಸ್ವಾಮಿ ಸಂಜೆಯೇ ರಾಜಶೇಖರ್ ಅವರ ಮುಂದೆ ನಿಂತು ಎಲ್ಲ ಹೇಳಿದ. ಮೊದಲೇ ಗೊತ್ತಿದ್ದೂ ಹೇಳಿರಲಿಲ್ಲ ಎಂಬುದನ್ನೂ ಸೇರಿಸಿ.

ರಾಜಶೇಖರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಪುಟ್ಟಮಲ್ಲಪ್ಪ ನಮ್ಮ ಅತ್ತೆ ಕಡೆಯೋರು ಕಣಯ್ಯ. ಇದನ್ನ ಜೀತ ಅಂದ್ರೆ ನಮ್ಮ ಜನ ನಗ್ತಾರೆ. ಕರ್ಪೂರ ಹಚ್ಚೋದು ಅಪರಾಧವಾ?’

‘ನೀವ್ ಹೋಗಿ ಹೇಳಿ ಸಾರ್. ಅವ್ರು “ಹೋಗಿ” ಅಂದ್ಬುಟ್ರೆ ಸಾಕು.’

ರಾಜಶೇಖರ್ ಹೋದರು. ಬಾಡಿದ ಮುಖ ಮಾಡಿಕೊಂಡು ಬಂದರು. ‘“ಆಣೆ ಇರೋದು ಅವ್ರಿಗೂ ಮಾದಪ್ಪನಿಗೂ. ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ” ಅಂತಾರೆ. ನಗ್ತಾ ನಗ್ತಾ ಅಂತಾರೆ. ತಾಲೂಕು ಕಚೇರಿಗೆ ಕೊಡ್ತೀನಿ ಅಂದೆ. “ಕೊಡು, ಬಂದು ಅವರ್ನೇ ಕೇಳ್ಲಿ” ಅಂದ್ರು.’ ಕೇಳಿದರೆ ಚಿಕ್ಕನಿಂಗಮ್ಮ ಏನು ಹೇಳುತ್ತಾಳೆಂದು ಶಿವಸ್ವಾಮಿಗೆ ಗೊತ್ತಿತ್ತು. ಅವಳು ಅದನ್ನು ಹೇಳಿಯೂ ಆಗಿತ್ತು.

‘ಅಲ್ಲಿಂದ ಇನ್ನು ಹುಲ್ಲು ತರೋದ್ ಬೇಡ’ ಎಂದರು ರಾಜಶೇಖರ್. ‘ಅಷ್ಟಕ್ಕೆ ನಾವು ಕೈ ತೊಳ್ಕಂಡ್ವಿ ಅಂತ ಕೂರಬೋದು.’ ಆಮೇಲೆ, ‘ಆದ್ರೆ ಆವಯ್ಯ ಹುಲ್ಲು ಇನ್ನೊಬ್ರಿಗೆ ಮಾರ್ತಾನೆ. ಆ ಜನ ಅಲ್ಲೇ ಇರ್ತಾರೆ’ ಎಂದರು. ‘ನಿಂಗೇನಾದ್ರೂ ದಾರಿ ಹೊಳೆದ್ರೆ ಹೇಳು. ಗಾಡಿ ಕೊಡ್ತೀನಿ.’

ದಾರಿ ಹೊಳೆದದ್ದು ಸಣ್ಣತಾಯಮ್ಮನಿಗೆ. ಅವಳು ಅವರೆಕಾಯಿ ಸುಲಿಯುತ್ತಾ ಮಗನ ಮಾತು ಪೂರ್ತಿ ಕೇಳಿದಳು.

‘ಆಣ ಇಡಿಸ್ದೋನೇ ಬುಡ್ಬೇಕು. ಇಲ್ದಿದ್ರ ಬೆಟ್ಟಕ್ಕೋಗಿ ತಪ್ಪುಗಾಣಿಕ ಒಪ್ಪಿಸ್ಬೇಕು.’

‘ಬೆಟ್ಟಕ್ಕೆ ಹೋಗಕೆ ಬದು ದಾಟ್ಬೇಕಲ್ಲವ್ವ.’

ಅವಳು ಒಂದು ಹಿಡಿ ಕಾಳು ಮೊರಕ್ಕೆ ಹಾಕಿದಳು. ‘ಆಗಿದ್ರ ಮಾದಪ್ಪನ ಬೆತ್ತ ಅವರ ತಾವ್ಕ ಓಗ್ಬೇಕು. ಗುರುಮಲ್ಲಯ್ಯನ್ನ ಕರ್ಕಂಡೋಗು. ಅಂವ ದೇವ್ರಗುಡ್ಡ. ಬೀಡಿ ಸೇದ್ತಾನ, ಆದ್ರೂ ದೇವ್ರಗುಡ್ಡ.’

ಗುರುಮಲ್ಲಯ್ಯ ಮಾದಪ್ಪನ ಹೆಸರಲ್ಲಿ ಜೋಳಿಗೆ ಹಾಕಿಕೊಂಡು, ಕಂಸಾಳೆ ಬಾರಿಸುತ್ತಾ ಊರೂರು ತಿರುಗುವ ಮುದುಕ. ಮೆಟಡೋರ್ ಹತ್ತುವ ಮೊದಲು ತನ್ನ ಷರತ್ತು ಹೇಳಿದ. ‘ನಾನು ಹಿಂದಗಡ ಕೂರಕುಲ್ಲ. ಬೆತ್ತ ಐತೆ.’ ಶಿವಸ್ವಾಮಿ ಹಿಂದೆ ಗೋಣಿತಾಟಿನ ಮೇಲೆ ಕೂತ. ಸೋಮವಾರ, ಬೆಳಗಿನ ಬಿಸಿಲು. ಅಂಗಿಯ ಕಾಲರಿಗೆ ಧೂಳು ತುಂಬಿತು.

ಗುರುಮಲ್ಲಯ್ಯ ಬದುವಿನ ಮೇಲೆ ಬೆತ್ತ ಊರಿ, ಕತ್ತಾಳೆಯ ಮಗ್ಗುಲಲ್ಲಿ ಧೂಪ ಹಾಕಿದ. ಒಳಗಿನಿಂದ ನಾಲ್ಕೂ ಸಂಸಾರ ಬಂದು ನಿಂತವು. ಬೆತ್ತ ಕಂಡ ಕೂಡಲೆ ಹೆಂಗಸರು ಅಲ್ಲೇ ಮಣ್ಣಿಗೆ ಹಣೆ ಹಚ್ಚಿದರು.

‘ಕರ್ಪೂರ ಹಚ್ಚಾಗ ಏನಂದ್ರಿ? ಅದ್ನ ಇನ್ನೊಂದ್ಸಲ ಅನ್ನವ್ವ’ ಎಂದ ಗುರುಮಲ್ಲಯ್ಯ.

ಚಿಕ್ಕನಿಂಗಮ್ಮ ಅಂದಳು.

‘ಸೆರೆಗ ಬಿದ್ದಿದ್ದ ದೇವ್ರುಗಳ್ನೇ ಬುಡ್ಸಿದೋನು ನಮ್ಮಪ್ಪ. ಅಂವ ನಿಮ್ಮನ್ನ ಸೆರೆ ಇಟ್ಗಂಡಾನಾ? ಅನ್ನ ಹಾಕಿದ್ ಋಣಕ್ಕ ಇಷ್ಟ್ ವರ್ಸ ದುಡ್ದಿರಿ. ಆಣ ತೀರ್ತು. ಇನ್ನು ಇರೋದು ಆವಯ್ಯನ ಆಸೆ. ಅದ್ಕ ಮಾದಪ್ಪ ಕಾವಲಿಲ್ಲ.’

‘ನನ್ ಗಂಡ ಸತ್ನಲ್ಲಪ್ಪಾ.’

‘ಆ ವರ್ಸ ನಮ್ಮೂರಲ್ಲೂ ಸತ್ರು. ಅವ್ರೆಲ್ಲ ಯಾವ್ ಬದು ದಾಟಿದ್ರು?’

ಚಿಕ್ಕನಿಂಗಮ್ಮ ಬಹಳ ಹೊತ್ತು ಬೆತ್ತವನ್ನೇ ನೋಡಿದಳು. ಉಳಿದವರು ಅವಳನ್ನು ನೋಡುತ್ತಿದ್ದರು. ಆಮೇಲೆ ಅವಳು ಶಿವಸ್ವಾಮಿಯ ಕಡೆ ತಿರುಗಿದಳು.

‘ಈ ದೇವ್ರಗುಡ್ಡಪ್ಪನ್ನ ಕರ್ಕಂಡ್ ಬಂದೋನು ನೀನು. ಹೌದಾ?’

‘ಹೂಂ ಕಣವ್ವ.’

‘ಆವಯ್ಯನೂ ಹಿಂಗೇ ಬಂದಿದ್ದ. ಒಳ್ಳೇ ಮಾತಾಡ್ದ. ಹೊಟ್ಟಗ ಹಾಕ್ದ. ಆಮ್ಯಾಕ ಕರ್ಪೂರ ಹಚ್ಚು ಅಂದ. ಈಗ ನೀನು ಬುಡಿಸ್ತೀನಿ ಅಂತ ಬಂದಿದ್ದೀಯ. ಆಮ್ಯಾಕ ನೀನೇನ್ ಕೇಳೀಯೆ?’

‘ನಾನೇನ್ ಕೇಳ್ಲಿ? ಏನೂ ಇಲ್ಲ.’

‘ಬಾಯ್ಮಾತು ಬ್ಯಾಡ.’ ಅವಳು ಗುರುಮಲ್ಲಯ್ಯನ ಜೋಳಿಗೆ ಕಡೆ ಕೈ ತೋರಿದಳು. ‘ಕರ್ಪೂರ ಕೊಡಪ್ಪ ಇವ್ನಿಗ. ನಮ್ಮನ್ನ ಬುಡಿಸ್ದೆ ಅಂತ ನಮ್ತಾವ್ ಏನೂ ಕೇಳಕುಲ್ಲ ಅಂತ ಹಚ್ಲಿ. ಕೆಲ್ಸ ಕೇಳಕುಲ್ಲ. ನಮ್ಮೂರ್ ತನಕ ಬರಕುಲ್ಲ.’ ಒಂದು ಗಳಿಗೆ ತಡೆದಳು. ‘ನನ್ ಹೆಣ್ಣನ್ನೂ ಕೇಳಕುಲ್ಲ. ನಾನೇನ್ ಕುರುಡಿ ಅಲ್ಲ.’

ನಿಂಗರಾಜು ಗಾಡಿಯ ಹತ್ತಿರ ನಿಂತವನು ಕೆಮ್ಮಿದ. ಗುರುಮಲ್ಲಯ್ಯ ಕರ್ಪೂರದ ಬಿಲ್ಲೆಯನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು ಬೆಂಕಿಪೊಟ್ಟಣ ಚಾಚಿದ. ಶಿವಸ್ವಾಮಿಗೆ ದೇವರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಬೆಟ್ಟಕ್ಕೆ ಹೋದರೆ ಊಟ ಚೆನ್ನಾಗಿರುತ್ತದೆ ಎಂದು ಹೋಗುತ್ತಿದ್ದವನು. ಇದೊಂದು ಕಡ್ಡಿ ಗೀರುವ ಕೆಲಸ. ಆದರೂ ಕೈ ಮುಂದೆ ಹೋಗಲಿಲ್ಲ. ಕುಮಾರಿಯ ಕಡೆ ನೋಡಿದ. ಅವಳು ಇವನನ್ನು ನೋಡುತ್ತಿರಲಿಲ್ಲ. ಅವನ ಹೆಗಲಾಚೆಯ ರಸ್ತೆಯನ್ನು ನೋಡುತ್ತಿದ್ದಳು. ಬಾಯಿ ತುಸು ತೆರೆದಿತ್ತು, ಬಾಯಾರಿದವಳ ಹಾಗೆ.

ಅವನು ಕಡ್ಡಿ ಗೀರಿದ. ಹೇಳಬೇಕಾದ್ದನ್ನು ಚಿಕ್ಕನಿಂಗಮ್ಮ ಒಂದೊಂದಾಗಿ ಹೇಳಿಕೊಟ್ಟಳು, ಅವನು ಅಂದ. ಕೊನೆಯ ಮಾತು ಬಂದಾಗ ದನಿ ಸಣ್ಣಗಾಯಿತು. ‘ಕೇಳುಸ್ನಿಲ್ಲ’ ಎಂದಳು. ಇನ್ನೊಮ್ಮೆ ಅಂದ. ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಂಡ. ಸುಟ್ಟಿತು.

ಗುರುಮಲ್ಲಯ್ಯ ಎಲ್ಲರ ಹಣೆಗೂ ಮಾದಪ್ಪನ ಬೂದಿ ಹಚ್ಚಿದ. ಮೊದಲು ದಾಟಿದವಳು ಚಿಕ್ಕನಿಂಗಮ್ಮ. ಸೀರೆ ಎತ್ತಿ ಹಿಡಿದು, ನೀರಿಗೆ ಇಳಿಯುವವಳಂತೆ ಒಂದು ಕಾಲು ಆಚೆ ಇಟ್ಟು, ಏನೂ ಆಗದ್ದು ನೋಡಿ ಇನ್ನೊಂದು ಇಟ್ಟಳು. ಆಮೇಲೆ ಪಾತ್ರೆ, ಚಾಪೆ, ಕೋಳಿ, ಮಕ್ಕಳು ಎಲ್ಲ ದಾಟಿ ಬಂದವು.

ಅಷ್ಟರಲ್ಲಿ ಪುಟ್ಟಮಲ್ಲಪ್ಪ ತೋಟದ ಮನೆಯಿಂದ ಬಂದರು. ಬೆತ್ತ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದರು. ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೈಯಲು ಎದುರಿಗಿದ್ದದ್ದು ದೇವರು.

‘ಹೊಂಟ್ರಾ?’ ಎಂದರು. ‘ಇವತ್ತು ಹುಲ್ಲಿಗೆ ನೀರ್ ಬುಡೋರ್ಯಾರು?’

ನಿಜವಾಗಿಯೂ ಅವರಿಗೆ ಅದೇ ಯೋಚನೆಯಾಗಿತ್ತು. ಇಷ್ಟು ವರ್ಷದಲ್ಲಿ ಅವರು ಕೇಳಿದ್ದಕ್ಕೆ ‘ಆಯ್ತು ಬುದ್ಧಿ’ ಎಂದು ಯಾರೂ ಅನ್ನದಿದ್ದದ್ದು ಅದೇ ಮೊದಲು.

ಮೆಟಡೋರ್ ಹಿಂದೆ ಹುಲ್ಲಿನ ಜಾಗದಲ್ಲಿ ಜನ ಕೂತರು. ದಾರಿಯುದ್ದಕ್ಕೂ ಮಕ್ಕಳು ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದವು. ಚಾಮರಾಜನಗರದ ಬಸ್ ಸ್ಟಾಂಡಿನಲ್ಲಿ ಕೊಳ್ಳೇಗಾಲದ ಬಸ್ಸು ನಿಂತಿತ್ತು. ಅಲ್ಲಿಂದ ಹನೂರಿಗೆ ಇನ್ನೊಂದು ಬಸ್ಸು. ಶಿವಸ್ವಾಮಿ ಗಂಟುಗಳನ್ನು ಟಾಪಿಗೆ ಏರಿಸಿದ. ಕೋಳಿಗೆ ಟಿಕೆಟ್ ತಗೋಬೇಕು ಎಂದ ಕಂಡಕ್ಟರ್ ಜೊತೆ ಜಗಳಾಡಿದ. ಮಾಡಲು ಇನ್ನೇನೂ ಉಳಿಯದೆ ಕಿಟಕಿಯ ಕೆಳಗೆ ನಿಂತ. ಕಿಟಕಿಯಲ್ಲಿ ಕುಮಾರಿ ಇದ್ದಳು. ಅವಳವ್ವ ಒಳಗೆ ಚಾಪೆ ಜೋಡಿಸುತ್ತಿದ್ದಳು.

‘ಬತ್ತೀನಿ’ ಎಂದಳು ಕುಮಾರಿ. ಹೋಗುವವರು ಯಾರಾದರೂ ಅನ್ನುವ ಮಾತು ಅದು.

ಅವನು ತಲೆಯಾಡಿಸಿದ. ಏನಾದರೂ ಕೇಳಿದಂತೆ ಆಗಿಬಿಟ್ಟೀತೆಂದು ಬಾಯಿ ಬಿಡಲಿಲ್ಲ.

ಎಂಜಿನ್ ಶುರುವಾಯಿತು. ಅವಳು ಕಿಟಕಿಯ ಸರಳಿನ ನಡುವೆ ಮುಖ ತಂದು ಸಣ್ಣ ದನಿಯಲ್ಲಿ ಅಂದಳು. ‘ನೀನ್ ಕೇಳಕುಲ್ಲ ಅಂತ ಹಚ್ದೆ. ನಾನೇನೂ ಹಚ್ಚಿಲ್ಲ.’

ಅವಳು ನಗುತ್ತಿದ್ದಳೋ, ಸೊಟ್ಟ ಹಲ್ಲು ಹಾಗೆ ಕಂಡಿತೋ, ಅವನಿಗೆ ತಿಳಿಯಲಿಲ್ಲ. ಬಸ್ಸು ಹೊರಟಿತು. ತಿರುವು ದಾಟುವವರೆಗೂ ಅವಳು ಇತ್ತ ನೋಡಲಿಲ್ಲ, ಮುಂದಕ್ಕೇ ನೋಡುತ್ತಿದ್ದಳು. ಇಷ್ಟು ವರ್ಷ ನೋಡದ ರಸ್ತೆ. ಅವಳನ್ನು ತಪ್ಪೆನ್ನುವಂತಿಲ್ಲ.

ರಾಜಶೇಖರ್ ನರ್ಸರಿಯ ಹಿಂದಿನ ಜಾಗ ಹಸನು ಮಾಡಿಸಿ ಸ್ವಂತ ಹುಲ್ಲು ಹಾಕಿಸಿದರು. ಊರಿನ ಹೆಂಗಸರು ದಿನಗೂಲಿಗೆ ಬಂದರು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋದರು, ಮನಸ್ಸಿಲ್ಲದ ದಿನ ಬರಲಿಲ್ಲ. ಕೇಳಿದರೆ, ‘ನಂಟ್ರು ಬಂದಿದ್ರು’ ಎಂದರು. ರೆಸಾರ್ಟಿನವರು ಬಂದು ನೋಡಿದರು. ಶಿವಸ್ವಾಮಿ ಎದುರಿಗೆ ನಿಂತು, ನೋಡಿದ್ದೇನೆ, ಜೀತ ಇಲ್ಲ ಎಂದ. ಈ ಸಲ ನೋಡಿಯೇ ಹೇಳಿದ.

‘ಹನೂರ್ ಏನು ದೂರಲಾ?’ ಎಂದು ನಿಂಗರಾಜು ಆಗಾಗ ಅನ್ನುತ್ತಿದ್ದ. ‘ಸುಮ್ಕ ಓಗ್ಬುಟ್ ಬಾ. ನೀನ್ ಏನ್ ಮಾಡ್ತಿದ್ದೀಯ ಅಂತ ನೋಡ್ತಾ ಕೂರಕ ಮಾದಪ್ಪನ್ಗ ಬ್ಯಾರೆ ಕೆಲ್ಸ ಇಲ್ವಾ?’

‘ಮಾದಪ್ಪ ಅಲ್ಲ ಕಣ್ಲಾ. ಅವಳವ್ವ.’

ಅಷ್ಟೇ ನಿಜ. ಇವನು ಹೋಗಿ ಆ ಬಾಗಿಲಲ್ಲಿ ನಿಂತರೆ ಚಿಕ್ಕನಿಂಗಮ್ಮನಿಗೆ ಆಶ್ಚರ್ಯವಾಗುವುದಿಲ್ಲ. ನಾನು ಅಂದುಕೊಂಡದ್ದೇ ಎನ್ನುತ್ತಾಳೆ. ಬಿಡಿಸಲು ಬಂದವನೂ ಕಟ್ಟಲು ಬಂದವನೂ ಒಂದೇ ಎಂದು ಅವಳಿಗೆ ಖಾತ್ರಿಯಾಗುತ್ತದೆ. ಆ ಮಾತು ಅವಳ ಬಾಯಿಂದ ಬರುವುದು ಅವನಿಗೆ ಬೇಕಿರಲಿಲ್ಲ.

ಬುಧವಾರಗಳು ಬಂದವು. ಹೋಗಬೇಕಾದ ಜಾಗವಿರಲಿಲ್ಲ. ಅವನು ಹೆಂಗಸರ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಕೊನ್ನಾರಿ ಕೀಳುತ್ತಿದ್ದ. ನರ್ಸರಿಯ ಮುಂದೆಯೇ ಕೊಳ್ಳೇಗಾಲದ ಬಸ್ಸುಗಳು ಹಾದುಹೋಗುತ್ತವೆ. ಕೈ ತೋರಿಸಿದರೆ ನಿಲ್ಲುತ್ತವೆ, ಇಳಿಯುವವರಿದ್ದರೂ ನಿಲ್ಲುತ್ತವೆ. ಬ್ರೇಕಿನ ಸದ್ದಿಗೆಲ್ಲ ತಲೆ ಎತ್ತಬಾರದು ಎಂದು ಅವನು ಬೆಳಿಗ್ಗೆ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಇವತ್ತೂ ಅಂದುಕೊಂಡಿದ್ದ. ಬಸ್ಸು ನಿಂತಿತು. ಗೆಡ್ಡೆಯೊಂದು ಅರ್ಧಕ್ಕೇ ಮುರಿದು ಕೈಯಲ್ಲಿ ಉಳಿಯಿತು. ಅವನು ತಲೆ ಎತ್ತಿದ. ಬಿದಿರು ಬುಟ್ಟಿ ಹೊತ್ತ ಒಬ್ಬ ಗಂಡಸು ಇಳಿದು, ರಸ್ತೆಯ ಎರಡೂ ಕಡೆ ನೋಡಿ, ಊರಿನ ಕಡೆ ನಡೆದ. ಬಸ್ಸು ಹೊರಟು ಧೂಳು ಕೂತಿತು.

‘ಯಾರಣ್ಣ ಬರ್ಬೇಕಾಗಿತ್ತು?’ ಎಂದು ಪಕ್ಕದ ಹೆಂಗಸು ಕೇಳಿದಳು.

‘ಯಾರಿಲ್ಲ’ ಎಂದ. ಮಣ್ಣಿನೊಳಗೆ ಉಳಿದ ಅರ್ಧ ಗೆಡ್ಡೆಗೆ ಬೆರಳು ಹಾಕಿದ.